ನಾಲ್ವರು ಗೆಳೆಯರು, ಐದು ರಾತ್ರಿ: ಫ್ಲಾರೆನ್ಸೋ, ಬೊಲೊನ್ಯಾವೋ, ನೇಪಲ್ಸೋ?

"ರೋಮ್ ನೋಡಿ ಮುಗಿಸಿದ ಮೇಲೆ ಐದು ರಾತ್ರಿ ಉಳಿಯುತ್ತೆ ಕಣೋ. ನಾವು ನಾಲ್ಕು ಜನ. ಎಲ್ಲರ ಬೆನ್ನ ಮೇಲೂ ಬ್ಯಾಗು, ಜೇಬಿನ ಸ್ಥಿತಿ ನಿಂಗೇ ಗೊತ್ತು. ಯಾವ ಊರಿಗೆ ಹೋಗೋಣ ಹೇಳು."

ನಾನು ಬೊಲೊನ್ಯಾದಲ್ಲಿ ಓದುತ್ತಿದ್ದ ಎರಡು ವರ್ಷವೂ ಈ ಥರದ ಫೋನ್ ಬರುತ್ತಲೇ ಇತ್ತು. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಜರ್ಮನಿಯಲ್ಲಿ ಕೆಲಸಕ್ಕಿದ್ದ ಕಾಲೇಜು ಗೆಳೆಯರಿಂದ. ಒಬ್ಬೊಬ್ಬರಿಗೆ ಒಂದೊಂದು ಊರು ಹೇಳಿದ್ದೇನೆ. ನೋಡುವ ಜಾಗಗಳ ಪಟ್ಟಿ ಹಿಡಿದು ಊರು ಆರಿಸಿದರೆ ಫ್ಲಾರೆನ್ಸ್ ಯಾವಾಗಲೂ ಗೆಲ್ಲುತ್ತದೆ. ಆದರೆ ಗುಂಪಾಗಿ ಹೋದಾಗ ಪ್ರವಾಸ ಕೆಡುವುದು ಮ್ಯೂಸಿಯಂ ತಪ್ಪಿದ್ದಕ್ಕಲ್ಲ. ಒಬ್ಬರಿಗೆ ತಿನ್ನಲು ಏನೂ ಸಿಗದೆ ಮೂರು ದಿನ ಬ್ರೆಡ್ಡು ತಿಂದದ್ದಕ್ಕೆ, ಇನ್ನೊಬ್ಬರಿಗೆ ಟಿಕೆಟ್ ದುಬಾರಿಯೆನಿಸಿ ಹೊರಗೆ ಕಾದು ಕೂತದ್ದಕ್ಕೆ, ಸಂಜೆ ಆರಕ್ಕೆ ಕಾಲು ಸೋತು ಎಲ್ಲರೂ ಒಟ್ಟಿಗೆ ಕೂರಲು ಜಾಗವಿಲ್ಲದೆ ಅವರವರ ಹಾಸಿಗೆ ಸೇರಿಕೊಂಡದ್ದಕ್ಕೆ ಕೆಡುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು ಗುಂಪಿನಲ್ಲಿ ಯಾರ್‍ಯಾರಿದ್ದಾರೆ ಎಂದು. ಊರಿನ ಮಾತು ಆಮೇಲೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಐದು ರಾತ್ರಿಗೆ ಒಂದೇ ಊರು. ಮೂರು ಊರು ಸುತ್ತಲು ಹೋದರೆ ಪ್ರತಿ ಸಲ ಅರ್ಧ ದಿನ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲ್ ಖಾಲಿ ಮಾಡಬೇಕು, ಹೊಸ ಊರಲ್ಲಿ ಮಧ್ಯಾಹ್ನ ಎರಡು ಮೂರರವರೆಗೆ ರೂಮು ಕೊಡುವುದಿಲ್ಲ, ನಡುವೆ ಹತ್ತು ಕೆಜಿ ಬೆನ್ನ ಮೇಲೆ. ಇಟಲಿಯಲ್ಲಿ ರೈಲು ಚೆನ್ನಾಗಿದೆ. ಒಂದು ಕಡೆ ಬ್ಯಾಗ್ ಇಟ್ಟು, ಕೈಬೀಸಿಕೊಂಡು ಪಕ್ಕದ ಊರಿಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಭಾರತದಿಂದ ಹೊರಡುವವರು ಷೆಂಗೆನ್ ವೀಸಾ ಅರ್ಜಿಯ ಜೊತೆ ಉಳಿಯುವ ಜಾಗದ ಬುಕಿಂಗ್ ತೋರಿಸಬೇಕು. 'ಅಲ್ಲಿ ಹೋಗಿ ನೋಡಿಕೊಳ್ಳೋಣ' ಅನ್ನುವ ಮಾತು ನಡೆಯುವುದಿಲ್ಲ, ಹಾಗಾಗಿ ಈ ತೀರ್ಮಾನ ಮನೆಯಲ್ಲೇ ಆಗಬೇಕು.

ವೆನಿಸ್ ಯಾಕೆ ಬಿಟ್ಟೆ ಎಂದು ಕೇಳುತ್ತೀರಿ. ಚಂದದ ಊರು, ಒಂದು ಹಗಲಿಗೆ ಹೋಗಿ ಬನ್ನಿ. (2024ರಿಂದ ವರ್ಷದ ಕೆಲವು ದಿನಗಳಲ್ಲಿ ಹಾಗೆ ಬಂದುಹೋಗುವವರಿಗೆ ಪ್ರವೇಶ ಶುಲ್ಕವಿದೆ, ದಿನಾಂಕ ನೋಡಿಕೊಳ್ಳಿ.) ಪ್ರತಿ ಕಾಲುವೆಗೂ ಮೆಟ್ಟಿಲಿನ ಸೇತುವೆ ಹತ್ತಿಳಿಯುವ ಊರಲ್ಲಿ ಬ್ಯಾಗ್ ಹೊತ್ತು ಹಾಸ್ಟೆಲ್ ಹುಡುಕುವುದು ಮಾತ್ರ ಬೇಡ.

ಫ್ಲಾರೆನ್ಸ್

ರೈಲಿನ ಬೋರ್ಡಿನಲ್ಲಿ ಫ್ಲಾರೆನ್ಸ್ ಎಂದು ಇರುವುದಿಲ್ಲ, 'ಫಿರೆಂಜೆ ಸಾಂತಾ ಮರಿಯಾ ನೊವೆಲ್ಲಾ' ಎಂದಿರುತ್ತದೆ. ಇಳಿದು ಹತ್ತು ನಿಮಿಷ ನಡೆದರೆ ದೊಡ್ಡ ಚರ್ಚಿನ ಎದುರು ನಿಂತಿರುತ್ತೀರಿ. ಮೂರು ಊರುಗಳಲ್ಲಿ ಬ್ಯಾಗ್ ಹೊತ್ತವರಿಗೆ ಇಷ್ಟು ಸಲೀಸಾದ ಊರು ಇನ್ನೊಂದಿಲ್ಲ. ಊರು ಚಿಕ್ಕದು, ಸಮತಟ್ಟು, ಎಲ್ಲವೂ ಕಾಲ್ನಡಿಗೆಯಲ್ಲೇ.

ಕಲೆ ನೋಡಲೆಂದೇ ಹೊರಟ ಗುಂಪಾದರೆ ಮುಂದಕ್ಕೆ ಓದುವುದೇ ಬೇಡ, ಇಲ್ಲಿಗೇ ಹೋಗಿ. 1504ರಲ್ಲಿ ಮಿಕೆಲಾಂಜೆಲೊ ಮುಗಿಸಿದ ಡೇವಿಡ್ ಶಿಲ್ಪ ಹದಿನೇಳು ಅಡಿ ಎತ್ತರ. ಫೋಟೊದಲ್ಲಿ ಎಷ್ಟು ಸಲ ನೋಡಿದ್ದರೂ ಎದುರಿಗೆ ನಿಂತಾಗ ಅದರ ಬಲಗೈಯ ಉಬ್ಬಿದ ನರ ಕಂಡು ಮಾತು ನಿಲ್ಲುತ್ತದೆ. ಆ ದೊಡ್ಡ ಚರ್ಚಿನ ಮೇಲೆ ಬ್ರುನೆಲೆಸ್ಕಿ ಕಟ್ಟಿದ, 1436ರಲ್ಲಿ ಪೂರ್ಣಗೊಂಡ ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಆ ಗುಮ್ಮಟ ಎರಡು ಪದರದ್ದು, ನೀವು ಹತ್ತುವುದು ಆ ಎರಡು ಪದರಗಳ ನಡುವಿನ ಸಂದಿಯಲ್ಲಿ. ಮೇಲೆ ಹೋದಂತೆ ಗೋಡೆ ಭುಜಕ್ಕೆ ವಾಲುತ್ತಾ ಬರುತ್ತದೆ, ಇಟ್ಟಿಗೆಗಳನ್ನು ಓರೆಯಾಗಿ ಹೆಣೆದಂತೆ ಜೋಡಿಸಿದ್ದು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕಾಣುತ್ತದೆ. ಮಂಡಿನೋವಿನವರು, ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟುವವರು ಗುಂಪಿನಲ್ಲಿದ್ದರೆ ಅವರನ್ನು ಬಲವಂತ ಮಾಡಬೇಡಿ. ಕೆಳಗೆ ಚರ್ಚಿನ ಒಳಗೆ ಹೋಗಲು ಟಿಕೆಟ್ ಬೇಡ.

ಗುಂಪಿನ ಕಷ್ಟ ಶುರುವಾಗುವುದೂ ಇಲ್ಲೇ. ಉಫಿಜಿ ಮ್ಯೂಸಿಯಂ ಒಂದಕ್ಕೇ ತಲೆಗೆ ಸುಮಾರು 25 ಯುರೋ, ಮುಂಗಡ ಬುಕಿಂಗ್ ಮಾಡಿದರೆ ಅದರ ಮೇಲೆ ಇನ್ನಷ್ಟು. ಡೇವಿಡ್‌ಗೆ ಬೇರೆ ಟಿಕೆಟ್, ಗುಮ್ಮಟಕ್ಕೆ ಬೇರೆ. ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25 ವಯಸ್ಸಿನವರಿಗೆ 2 ಯುರೋ ಎಂದು ಎಲ್ಲೋ ಓದಿ ಖುಷಿಪಟ್ಟು ಬರುತ್ತಾರೆ. ಅದು ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದ ಹದಿನೆಂಟು ದಾಟಿದವರು ಪೂರ್ತಿ ದುಡ್ಡು ಕೊಡಬೇಕು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಎಲ್ಲರಿಗೂ ಉಚಿತ, ಆದರೆ ಅವತ್ತಿನ ಸಾಲು ನೋಡಿದರೆ ದುಡ್ಡು ಕೊಟ್ಟು ಬೇರೆ ದಿನ ಬರುವುದೇ ವಾಸಿ ಅನ್ನಿಸುತ್ತದೆ. ಉಫಿಜಿಗೂ ಡೇವಿಡ್ ಇರುವ ಅಕಾದೆಮಿಯಾಕ್ಕೂ ಸೋಮವಾರ ರಜೆ. ಶನಿವಾರ ರಾತ್ರಿ ಬಂದು ಮಂಗಳವಾರ ಬೆಳಿಗ್ಗೆ ಹೊರಡುವ ಲೆಕ್ಕ ಹಾಕಿದರೆ ಇರುವುದು ಭಾನುವಾರ ಒಂದೇ.

ಹೀಗಾಗಿ ಗುಂಪು ಒಡೆಯುತ್ತದೆ. ಇಬ್ಬರು ಒಳಗೆ ಹೋಗುತ್ತಾರೆ, ಇಬ್ಬರು ಹೊರಗೆ ಕಾಯುತ್ತಾರೆ. ಹೊರಗೆ ಕಾಯುವವರಿಗೆ ಕೂರಲು ಜಾಗ ಕಡಿಮೆ. ಉಫಿಜಿಯ ಹತ್ತಿರದ ಕೆಲವು ಬೀದಿಗಳಲ್ಲಿ ಊಟದ ಹೊತ್ತಿಗೆ ಫುಟ್‌ಪಾತಿನಲ್ಲೋ ಅಂಗಡಿ ಮೆಟ್ಟಿಲಲ್ಲೋ ಕೂತು ತಿಂದರೆ ದಂಡ ಹಾಕುವ ನಿಯಮವನ್ನು ನಗರಸಭೆ 2018ರಲ್ಲಿ ತಂದಿತು. ಸಂಜೆಗೆ ನದಿ ದಾಟಿ ಪಿಯಾಜಾಲೆ ಮಿಕೆಲಾಂಜೆಲೊ ಗುಡ್ಡ ಹತ್ತಿದರೆ ಮಾತ್ರ ಎಲ್ಲರಿಗೂ ಜಾಗವಿದೆ, ದುಡ್ಡೂ ಬೇಡ. ಊರಿಗೆ ಊರೇ ಕೆಂಪಾಗುವುದನ್ನು ಅಲ್ಲಿಂದ ನೋಡಬೇಕು.

ಫ್ಲಾರೆನ್ಸಿಗೆ ಹೋದ ಗೆಳೆಯರಿಗೆಲ್ಲ ನಾನು ಒತ್ತಾಯ ಮಾಡಿ ತೋರಿಸಿದ ಒಂದು ಜಾಗ ಪಟ್ಟಿಗಳಲ್ಲಿ ಸಿಗುವುದಿಲ್ಲ. ಊರಿನ ಪಶ್ಚಿಮಕ್ಕೆ ಆರ್ನೋ ನದಿಯ ದಂಡೆಗೇ ಕಾಶಿನೆ ಎಂಬ ಉದ್ದನೆಯ ಪಾರ್ಕ್ ಇದೆ. ಅದರ ಕೊನೆಯವರೆಗೂ ನಡೆದರೆ, ಮುನ್ಯೋನೆ ಎಂಬ ಸಣ್ಣ ಹೊಳೆ ಆರ್ನೋ ಸೇರುವ ಜಾಗದಲ್ಲಿ ಛತ್ರಿಯ ಕೆಳಗೆ ಪೇಟ ತೊಟ್ಟ ಒಬ್ಬ ಯುವಕನ ಮೂರ್ತಿ ಇದೆ. ನಮ್ಮ ಬೆಳಗಾವಿಗೆ ಕೂಗಳತೆಯ ಕೊಲ್ಹಾಪುರದ ಮಹಾರಾಜ ಎರಡನೇ ರಾಜಾರಾಮ. ಇಂಗ್ಲೆಂಡ್ ನೋಡಿ ಊರಿಗೆ ಮರಳುವ ದಾರಿಯಲ್ಲಿ 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತರ ಆಸುಪಾಸು. ನದಿಗಳು ಕೂಡುವ ಕಡೆ ದಹನ ಆಗಬೇಕೆಂದು ಈ ಸಂಗಮವನ್ನೇ ಹುಡುಕಿ ಅಲ್ಲಿ ಚಿತೆ ಮಾಡಿದರು. ಪಕ್ಕದಲ್ಲಿ ಈಗಿರುವ ದೊಡ್ಡ ಸೇತುವೆಗೆ 'ಪೊಂತೆ ಅಲ್ಲಿಂದಿಯಾನೊ', ಅಂದರೆ ಭಾರತೀಯನ ಸೇತುವೆ ಎಂದೇ ಹೆಸರು. ಕಾಶಿನೆಯವರೆಗೆ ಟ್ರಾಮ್ ಇದೆ, ಅಲ್ಲಿಂದ ಮುಂದೆ ಮರಗಳ ಕೆಳಗೆ ಒಳ್ಳೇ ನಡಿಗೆ. ಅಲ್ಲಿ ನಿಂತಾಗ ನಮ್ಮ ಐದು ಜನರ ಗುಂಪಿನಲ್ಲಿ ಯಾರೂ ಫೋನ್ ತೆಗೆಯಲಿಲ್ಲ.

ಬೊಲೊನ್ಯಾ

ನಾನು ಓದಿದ ಊರು, ಪಕ್ಷಪಾತ ಇದ್ದೇ ಇದೆ. ಆದರೂ ಕಾರಣ ಕೊಟ್ಟೇ ಹೇಳುತ್ತೇನೆ.

ಮೊದಲನೆಯದು ನೆರಳು. ಸ್ಟೇಷನ್ನಿನಿಂದ ಊರ ನಡುವಿನ ಪಿಯಾಜಾ ಮಜ್ಜೊರೆಗೆ ಇಪ್ಪತ್ತು ನಿಮಿಷದ ನೇರ ದಾರಿ, ಹೆಚ್ಚುಕಡಿಮೆ ಪೂರ್ತಿ ಕಮಾನಿನ ಸಾಲಿನ ಕೆಳಗೇ ನಡೆಯಬಹುದು. ಈ ಕಮಾನು ಹಾದಿಗಳಿಗೆ ಪೋರ್ತಿಕೊ ಅನ್ನುತ್ತಾರೆ. ಊರಲ್ಲಿ ಒಟ್ಟು ಸುಮಾರು 62 ಕಿ.ಮೀ. ಇವೆ, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಜನ ಹೆಚ್ಚಿದಂತೆಲ್ಲ ಮನೆಯ ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿ ಕಂಬ ಕೊಟ್ಟದ್ದು ಇದರ ಮೂಲ. 1288ರಲ್ಲಿ ಊರಿನ ಕಾನೂನೇ ಬಂತು: ಹೊಸ ಮನೆ ಕಟ್ಟಿದವರೆಲ್ಲ ಪೋರ್ತಿಕೊ ಬಿಡಬೇಕು, ಕುದುರೆ ಮೇಲೆ ಕೂತವನು ತಲೆ ತಗ್ಗಿಸದೆ ಹೋಗುವಷ್ಟು ಎತ್ತರ ಇರಬೇಕು. ಜಾಗ ಮನೆಯವರದು, ಓಡಾಟ ಎಲ್ಲರದು. ನಮ್ಮ ಹಳೇ ಮನೆಗಳ ಜಗಲಿಯ ಮೇಲೆ ದಾರಿಹೋಕರು ಕೂತು ಎದ್ದು ಹೋಗುತ್ತಿದ್ದರಲ್ಲ, ಆ ಜಗಲಿಯನ್ನೇ ಊರುದ್ದಕ್ಕೂ ಜೋಡಿಸಿದ ಹಾಗೆ. ಜುಲೈ ಬಿಸಿಲಿಗೂ ನವೆಂಬರ್ ಮಳೆಗೂ ಛತ್ರಿ ಬೇಕಾಗುವುದಿಲ್ಲ. ಬ್ಯಾಗ್ ಹೊತ್ತವರಿಗೆ ಇದು ಸಣ್ಣ ಸುಖವಲ್ಲ.

ಎರಡನೆಯದು ಸಂಜೆ. 1088ರಿಂದ ಲೆಕ್ಕ ಹಾಕುವ ವಿಶ್ವವಿದ್ಯಾಲಯದ ಊರು ಇದು. ವಿದ್ಯಾರ್ಥಿಗಳ ಜೇಬಿಗೆ ತಕ್ಕ ಹಾಗೆ ಬದುಕು ಹೊಂದಿಕೊಂಡಿದೆ. ಪಿಯಾಜಾ ಮಜ್ಜೊರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರಾತ್ರಿ ಹನ್ನೊಂದರವರೆಗೆ ಹರಟಿದರೂ ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಅದೇ ಚೌಕದಲ್ಲಿ ದೊಡ್ಡ ಪರದೆ ಕಟ್ಟಿ ಎಷ್ಟೋ ವಾರಗಳ ಕಾಲ ಪುಕ್ಕಟೆ ಸಿನಿಮಾ ತೋರಿಸುತ್ತಾರೆ. ಕುರ್ಚಿ ಸಿಗದಿದ್ದರೆ ಸಾನ್ ಪೆತ್ರೋನಿಯೊ ಚರ್ಚಿನ ಮೆಟ್ಟಿಲು. ಊರಲ್ಲಿ ಜಾತ್ರೆ ದಿನ ಬಯಲಾಟಕ್ಕೆ ಚಾಪೆ ಹಾಸಿ ಜಾಗ ಹಿಡಿದದ್ದು ನೆನಪಾಗುತ್ತದೆ.

ಆ ಚೌಕದ ಪಕ್ಕದಲ್ಲೇ ಪೊದೆಸ್ತಾ ಅರಮನೆಯ ಕೆಳಗೆ ನಾಲ್ಕು ಮೂಲೆಯ ಒಂದು ಕಮಾನು ಮಂಟಪವಿದೆ. ಒಬ್ಬರು ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಬೇಕು, ಇನ್ನೊಬ್ಬರು ಎದುರಿನ ಕರ್ಣಮೂಲೆಯಲ್ಲಿ ಗೋಡೆಗೆ ಕಿವಿ ಕೊಡಬೇಕು. ನಡುವೆ ಜನ ಓಡಾಡುತ್ತಿರುತ್ತಾರೆ, ಯಾರೋ ಗಿಟಾರ್ ನುಡಿಸುತ್ತಿರುತ್ತಾರೆ. ಅಷ್ಟರ ನಡುವೆಯೂ "ಹಸಿವಾಗ್ತಿದೆ ಕಣೋ, ನಡಿ" ಎಂದು ನನ್ನ ಗೆಳತಿ ಹೇಳಿದ್ದು ಕಿವಿಯಲ್ಲೇ ಹೇಳಿದ ಹಾಗೆ ಕೇಳಿಸಿತು. ಮಾತು ಕಮಾನಿನ ಬೆನ್ನು ಹಿಡಿದು ಹತ್ತಿ ಆ ಕಡೆ ಇಳಿಯುತ್ತದೆ. ಅವತ್ತು ಒಂದು ಗಂಟೆ ನಾವು ಅಲ್ಲಿಂದ ಕದಲಲಿಲ್ಲ.

ಇಡೀ ಗುಂಪು ಒಟ್ಟಿಗೆ ಮಾಡಬಹುದಾದದ್ದು ಸಾನ್ ಲೂಕಾ ನಡಿಗೆ. ಪೋರ್ತಾ ಸರಗೊಜಾದಿಂದ ಶುರುವಾಗಿ ಗುಡ್ಡದ ಮೇಲಿನ ಚರ್ಚಿನವರೆಗೆ 3.8 ಕಿ.ಮೀ., 666 ಕಮಾನು. ಪ್ರತಿ ವರ್ಷ ಮೇರಿ ಮಾತೆಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಕೆಳಗೆ ತರುವಾಗ ಮಳೆಗೆ ನೆನೆಯಬಾರದೆಂದು ಕಟ್ಟಿದ್ದು. ಮೊದಲರ್ಧ ಸಮತಟ್ಟು, ಮೆಲೊಂಚೆಲ್ಲೊ ಕಮಾನು ದಾಟಿದ ಮೇಲೆ ಮೆಟ್ಟಿಲೂ ಏರೂ. ನಿಧಾನಕ್ಕೆ ಹೋದರೆ ಒಂದೂಕಾಲು ಗಂಟೆ. ಊರಿನವರೂ ಸಂಜೆ ಇಲ್ಲಿ ನಡೆಯಲು ಬರುತ್ತಾರೆ.

ಹಳೇ ಮಾರ್ಗದರ್ಶಿಗಳನ್ನು ನಂಬಿ ಅಸಿನೆಲ್ಲಿ ಗೋಪುರ ಹತ್ತಲು ಹೋಗಬೇಡಿ. ಪಕ್ಕದ ಗರಿಸೆಂದಾ ಗೋಪುರದ ವಾಲುವಿಕೆ ಆತಂಕ ತಂದದ್ದರಿಂದ 2023ರ ಅಕ್ಟೋಬರ್‌ನಲ್ಲಿ ಎರಡರ ಸುತ್ತಲೂ ಬೇಲಿ ಬಿತ್ತು. ಮೇಲಿನಿಂದ ಊರು ನೋಡಬೇಕೆಂದರೆ ಚೌಕದಲ್ಲೇ ಇರುವ ಗಡಿಯಾರ ಗೋಪುರಕ್ಕೆ ಹೋಗಿ.

ಮತ್ತೆ ರೈಲ್ವೆ ಸ್ಟೇಷನ್. 1980ರ ಆಗಸ್ಟ್ 2ರಂದು ಎರಡನೇ ದರ್ಜೆಯ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ರಜೆಗೆ ಹೊರಟಿದ್ದವರು, ನಿಮ್ಮ ಹಾಗೆಯೇ ಬ್ಯಾಗ್ ಹಿಡಿದು ರೈಲಿಗೆ ಕಾಯುತ್ತಿದ್ದವರು. ಹೊರಗಿನ ಒಂದು ಗಡಿಯಾರವನ್ನು ಇವತ್ತಿಗೂ 10:25ಕ್ಕೆ ನಿಲ್ಲಿಸಿದ್ದಾರೆ. ಸಮಯ ತಪ್ಪು ತೋರಿಸುತ್ತಿದೆ ಎಂದು ಗಾಬರಿಯಾಗಿ ಓಡುವವರನ್ನು ನೋಡಿದ್ದೇನೆ. ಒಂದು ಗಳಿಗೆ ನಿಂತು ನೋಡಿ ಹೋಗಿ.

ಬೊಲೊನ್ಯಾದ ಕೊರತೆಯನ್ನೂ ಹೇಳಬೇಕು. ಎದೆ ನಡುಗಿಸುವಂಥ ಒಂದು ಮಹಾಕೃತಿ ಈ ಊರಲ್ಲಿಲ್ಲ. ಮೂರನೇ ದಿನಕ್ಕೆ "ಇನ್ನೇನಿದೆ?" ಎಂದು ಕೇಳುವವರು ಗುಂಪಿನಲ್ಲಿದ್ದರೆ ಅವರಿಗೆ ಇಲ್ಲಿ ಬೇಜಾರು. ಇನ್ನೊಂದು, ದೊಡ್ಡ ವ್ಯಾಪಾರ ಮೇಳಗಳ ಊರು ಇದು. ಮಾರ್ಚಿನಲ್ಲಿ ಸೌಂದರ್ಯವರ್ಧಕಗಳದ್ದು, ವಸಂತದಲ್ಲಿ ಮಕ್ಕಳ ಪುಸ್ತಕದ್ದು, ಸೆಪ್ಟೆಂಬರಿನಲ್ಲಿ ಟೈಲ್ಸಿನದು. ಆ ದಿನಗಳಲ್ಲಿ ಹಾಸ್ಟೆಲ್ ಹಾಸಿಗೆಯ ದರವೂ ಗಗನಕ್ಕೆ. ವೀಸಾಗೆ ಬುಕಿಂಗ್ ಮಾಡುವ ಮೊದಲು ಫಿಯೆರಾ, ಅಂದರೆ ಈ ಮೇಳಗಳ ಕ್ಯಾಲೆಂಡರ್ ನೋಡಲೇಬೇಕು.

ನೇಪಲ್ಸ್

ಬೋರ್ಡಿನಲ್ಲಿ 'ನಾಪೊಲಿ ಚೆಂತ್ರಾಲೆ'. ಹೊರಗೆ ಬಂದ ಕೂಡಲೇ ಹಾರ್ನು, ಕೂಗಾಟ, ಮೂರು ಜನ ಕೂತ ಸ್ಕೂಟರು, ಬಾಲ್ಕನಿಯಿಂದ ಬಾಲ್ಕನಿಗೆ ಒಣಹಾಕಿದ ಬಟ್ಟೆ. ನಮ್ಮ ಚಿಕ್ಕಪೇಟೆಯಲ್ಲಿ ಬೆಳೆದವರಿಗೆ ಇಟಲಿಯ ಬೇರೆಲ್ಲೂ ಆಗದ ಸಲಿಗೆ ಇಲ್ಲಿ ಹತ್ತು ನಿಮಿಷದಲ್ಲಿ ಆಗುತ್ತದೆ. ಯುರೋಪ್ ಅಂದರೆ ಮೌನ, ಶಿಸ್ತು ಎಂದುಕೊಂಡು ಬಂದವರಿಗೆ ಮೊದಲ ದಿನ ತಲೆನೋವು. ನಿಮ್ಮ ಗುಂಪು ಯಾವುದು ಎಂದು ನಿಮಗೇ ಗೊತ್ತಿರುತ್ತದೆ.

ಮೂರು ಊರುಗಳಲ್ಲಿ ಕೈಯಲ್ಲಿ ದುಡ್ಡು ನಿಲ್ಲುವುದು ಇಲ್ಲಿ. ಮಾರ್ಗೆರಿತಾ ಪಿಜ್ಜಾ 5ರಿಂದ 8 ಯುರೋಗೆ ತಟ್ಟೆ ಮೀರಿ ಚಾಚಿರುತ್ತದೆ. ನಾಲ್ಕಾಗಿ ಮಡಚಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುವ ಚಿಕ್ಕ ಪಿಜ್ಜಾ ಇನ್ನೂ ಅಗ್ಗ. ಇಲ್ಲಿನ ಪಿಜ್ಜಾ ಮಾಡುವವರ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಕಾಫಿಗೆ ಹೋದಾಗ ಒಂದು ಕುಡಿದು ಎರಡರ ದುಡ್ಡು ಕೊಟ್ಟು ಹೋಗುವವರನ್ನು ಗಮನಿಸಿ. ಎರಡನೆಯದು ಕಾಸಿಲ್ಲದೆ ಬರುವ ಯಾರೋ ಅಪರಿಚಿತರಿಗೆ. 'ಕಫೆ ಸೊಸ್ಪೆಸೊ' ಎನ್ನುವ ಈ ರೂಢಿ ಈ ಊರಿನದೇ.

ಸ್ಪಕ್ಕನಾಪೊಲಿ ಎಂಬ ನೇರ ಬೀದಿ ಹಳೇ ಊರನ್ನು ಸೀಳಿಕೊಂಡು ಹೋಗುತ್ತದೆ. ಗ್ರೀಕರು ಎಳೆದ ಬೀದಿಗಳ ಗೆರೆ ಇವತ್ತಿಗೂ ಹಾಗೇ ಇದೆ. ಅದರ ಸಮೀಪದ ಸಾನ್ಸೆವೆರೊ ಪ್ರಾರ್ಥನಾಮಂದಿರದಲ್ಲಿ 1753ರಲ್ಲಿ ಸಾನ್ಮಾರ್ತಿನೊ ಕೆತ್ತಿದ ಕ್ರಿಸ್ತನ ಮೂರ್ತಿಯಿದೆ. ದೇಹದ ಮೇಲೆ ತೆಳುವಾದ ಬಟ್ಟೆ ಹೊದಿಸಿದ ಹಾಗೆ ಕಾಣುತ್ತದೆ, ಆ ಬಟ್ಟೆಯೂ ಅದೇ ಅಮೃತಶಿಲೆ. ಮಂಗಳವಾರ ರಜೆ, ಮುಂಗಡ ಬುಕಿಂಗ್ ಇಲ್ಲದೆ ಹೋಗಬೇಡಿ. ಪುರಾತತ್ವ ಮ್ಯೂಸಿಯಂಗೂ ಮಂಗಳವಾರವೇ ರಜೆ. ಅಲ್ಲಿ 'ರಹಸ್ಯ ಕೋಣೆ' ಎಂದು ಕರೆಯುವ ವಿಭಾಗದಲ್ಲಿ ಒಂದು ಗೇಣು ಎತ್ತರದ ದಂತದ ಹೆಣ್ಣುಮೂರ್ತಿಯನ್ನು ಹುಡುಕಿ. ಭಾರತದಲ್ಲಿ ಕೆತ್ತಿದ್ದು, 1938ರಲ್ಲಿ ಪೊಂಪೆಯ ಒಂದು ಮನೆಯಲ್ಲಿ ಸಿಕ್ಕಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಊರು ಬೂದಿಯಡಿ ಹೂತುಹೋಗುವ ಮೊದಲೇ ನಮ್ಮ ಕಡೆಯ ಸರಕು ಅಲ್ಲಿಯ ಮನೆಗಳನ್ನು ತಲುಪಿತ್ತು. ಕೈಬಳೆ, ಕಾಲ್ಗಡಗ, ತುರುಬು ಎಲ್ಲ ನೋಡಿದ ಕೂಡಲೇ ಗುರುತು ಸಿಗುತ್ತದೆ.

ಪೊಂಪೆಗೆ ಚಿರ್ಕುಂವೆಸುವಿಯಾನಾ ಎಂಬ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. 30×30×15 ಸೆಂ.ಮೀ. ಮೀರಿದ ಬ್ಯಾಗನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ದೊಡ್ಡದನ್ನು ರೂಮಿನಲ್ಲೇ ಬಿಟ್ಟು ಬನ್ನಿ. ದಿನಕ್ಕೆ 20,000 ಜನ ಎಂಬ ಮಿತಿಯೂ ಬಂದಿದೆ. ನೀರಿನ ಬಾಟಲಿ, ಟೋಪಿ ಮರೆಯಬೇಡಿ, ನೆರಳು ತೀರಾ ಕಡಿಮೆ.

ಜೇಬುಗಳ್ಳರ ವಿಷಯ. ಹೆದರಿ ಊರನ್ನೇ ಬಿಡುವಷ್ಟು ಇಲ್ಲ. ತುಂಬಿದ ರೈಲಿನಲ್ಲಿ ಬ್ಯಾಗ್ ಎದೆಗೆ, ಫೋನ್ ಒಳಜೇಬಿಗೆ. ಪಾಸ್‌ಪೋರ್ಟುಗಳನ್ನು ನಾಲ್ಕೂ ಜನ ಒಂದೇ ಕಡೆ ಇಡಬೇಡಿ. ಮೆಜೆಸ್ಟಿಕ್ಕಿನಲ್ಲಿ ಇರುವಷ್ಟು ಎಚ್ಚರ ಸಾಕು.

ತಟ್ಟೆಯ ವಿಷಯ

ಇದನ್ನು ಬೇರೆಯಾಗಿಯೇ ಬರೆಯಬೇಕು, ಯಾಕೆಂದರೆ ನಮ್ಮ ಗುಂಪುಗಳಲ್ಲಿ ಒಬ್ಬರಾದರೂ ಸಸ್ಯಾಹಾರಿ ಇದ್ದೇ ಇರುತ್ತಾರೆ.

ಮೀನು, ಮಾಂಸ ತಿನ್ನುವವರಿಗೆ ಮೂರೂ ಊರು ಹಬ್ಬ. ಮೊಟ್ಟೆಯೂ ಚೀಸೂ ಆಗುವ ಸಸ್ಯಾಹಾರಿಗೆ ಎಲ್ಲ ಕಡೆ ದಾರಿ ಇದೆ, ಬೊಲೊನ್ಯಾದಲ್ಲಿ ಮಾತ್ರ ಒಂದು ಅಕ್ಷರದ ಬಗ್ಗೆ ಹುಷಾರು: 'ತೊರ್ತೆಲ್ಲಿನಿ' ಅಂದರೆ ಒಳಗೆ ಹಂದಿಮಾಂಸ, ಅದರ ಅಣ್ಣನಂತಿರುವ 'ತೊರ್ತೆಲ್ಲೊನಿ' ಅಂದರೆ ಸಾಮಾನ್ಯವಾಗಿ ಒಳಗೆ ರಿಕೊತ್ತಾ ಚೀಸು, ಸೊಪ್ಪು. ಚಪಾತಿಯಂತೆ ಕಾಣುವ ಪಿಯಾದಿನಾವನ್ನು ನೋಡಿ ಖುಷಿಯಾಗುತ್ತದೆ, ಆದರೆ ಸಾಂಪ್ರದಾಯಿಕ ಹಿಟ್ಟಿಗೆ ಹಂದಿಕೊಬ್ಬು ಕಲಸುತ್ತಾರೆ. 'ಸ್ತ್ರುತ್ತೊ' ಇದೆಯಾ ಎಂದು ಕೇಳಿ, ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ. ನೇಪಲ್ಸಿನ ಸ್ಫೊಲ್ಯತೆಲ್ಲಾ ಎಂಬ ಪದರ ಪದರದ ಸಿಹಿಯ ಹೂರಣದಲ್ಲಿ ರವೆ ಇರುತ್ತದೆ, ಹೊರಗಿನ ಪದರಕ್ಕೆ ಹಂದಿಕೊಬ್ಬು ಸವರುವುದೇ ಹಳೇ ಪದ್ಧತಿ.

ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಿಯಮವೇ ಹಾಗಿದೆ, ಬೇರೆ ಬಗೆಯಲ್ಲಿ ಮಾಡಿದರೆ ಆ ಹೆಸರು ಹಾಕುವಂತಿಲ್ಲ. ಬೊಲೊನ್ಯಾ ಇರುವುದೇ ಪಾರ್ಮಿಜಾನೊ ಸೀಮೆಯಲ್ಲಿ, ಪ್ರತಿ ತಟ್ಟೆಯ ಮೇಲೂ ಅದು ಉದುರುತ್ತದೆ. ನನಗೆ ಎಷ್ಟೇ ಪ್ರೀತಿಯ ಊರಾದರೂ ಕಟ್ಟಾ ಸಸ್ಯಾಹಾರಿಗೆ ಹೊರಗೆ ತಿನ್ನಲು ಕಷ್ಟದ ಊರು ಇದೇ. ಅಂಥವರಿಗೆ ನೇಪಲ್ಸ್ ವರ. 'ಮರಿನಾರಾ' ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ಚೀಸೇ ಇಲ್ಲ, ಯಾರನ್ನೂ ಕೇಳಿ ತೆಗೆಸಬೇಕಾಗಿಯೂ ಇಲ್ಲ, ಮೊದಲಿಂದಲೂ ಹಾಗೇ. ಕಹಿಬೆರೆತ ಫ್ರಿಯಾರಿಯೆಲ್ಲಿ ಸೊಪ್ಪಿನ ಪಲ್ಯ ಜೊತೆಗೆ ಸಿಕ್ಕರೆ ಮನೆಯ ಊಟವೇ.

ಫ್ಲಾರೆನ್ಸ್ ನಡುವೆ ಬರುತ್ತದೆ. ಅಲ್ಲಿಯವರು ಕಾಳು ಪ್ರಿಯರು. ರಿಬೊಲ್ಲಿತಾ ಅಂದರೆ 'ಮತ್ತೆ ಕುದಿಸಿದ್ದು': ಹುರುಳಿಕಾಯಿ ಬೀಜದಂಥ ಬಿಳೀ ಕಾಳು, ಕಪ್ಪು ಕೋಸಿನ ಸೊಪ್ಪು, ನಿನ್ನೆಯ ಬ್ರೆಡ್ಡು ಹಾಕಿದ ಗಟ್ಟಿ ಸಾರು. ನಿನ್ನೆಯ ಸಾರನ್ನು ಇವತ್ತು ಕುದಿಸಿದರೆ ರುಚಿ ಹೆಚ್ಚು ಎಂದು ನಂಬಿದ ನಮಗೆ ಇದನ್ನು ವಿವರಿಸಬೇಕಿಲ್ಲ. ಮಾಂಸದ ಸ್ಟಾಕ್ ಹಾಕಿದ್ದಾರೆಯೇ ಎಂದು ಕೇಳಿಕೊಂಡರಾಯಿತು. ಅಲ್ಲಿನ ಬ್ರೆಡ್ಡಿಗೆ ಉಪ್ಪಿರುವುದಿಲ್ಲ, ಗಾಬರಿಯಾಗಬೇಡಿ.

ಮನೆಯಿಂದ ಚಟ್ನಿಪುಡಿ ತನ್ನಿ. ತುಪ್ಪ, ಪೇಡ ಬೇಡ. ಯುರೋಪಿನ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ.

ಹಾಸ್ಟೆಲೋ, ಮನೆ ಬಾಡಿಗೆಯೋ

ಇಬ್ಬರಿದ್ದರೆ ಹಾಸ್ಟೆಲ್. ನಾಲ್ವರಾದರೆ ಅಡುಗೆಮನೆ ಇರುವ ಫ್ಲಾಟ್ ಹೆಚ್ಚುಕಡಿಮೆ ಅದೇ ದರಕ್ಕೆ ಬೀಳುತ್ತದೆ, ಅನ್ನ ಮಾಡಿಕೊಂಡು ಚಿತ್ರಾನ್ನ ಕಲಸಬಹುದು. ಮೂರೂ ಊರುಗಳ ಸ್ಟೇಷನ್ ಸುತ್ತಮುತ್ತ ಬಾಂಗ್ಲಾದೇಶದವರ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಸಿಗುತ್ತವೆ. ಎಲ್ಲಿ ಉಳಿದರೂ ರಾತ್ರಿಗೆ ತಲಾ ಇಷ್ಟು ಎಂದು ನಗರ ತೆರಿಗೆ ಬುಕಿಂಗ್ ದುಡ್ಡಿನ ಹೊರಗೆ ಇರಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ದಿನವೇ ಎಲ್ಲರೂ ಸಮನಾಗಿ ದುಡ್ಡು ಹಾಕಿ ಒಂದು ಪರ್ಸ್ ಮಾಡಿ, ಕಾಫಿ, ಬಸ್ಸು, ದಿನಸಿ ಎಲ್ಲ ಅದರಿಂದ. ಮ್ಯೂಸಿಯಂ ಟಿಕೆಟ್ ಮಾತ್ರ ಅವರವರದು. ಹೀಗೆ ಮಾಡಿದ ಗುಂಪುಗಳಲ್ಲಿ ಮುನಿಸು ಕಂಡಿಲ್ಲ.

ರೈಲು

ರೋಮಿನಿಂದ ವೇಗದ ರೈಲಿನಲ್ಲಿ ನೇಪಲ್ಸ್ ಒಂದು ಗಂಟೆ ಹತ್ತು ನಿಮಿಷ, ಫ್ಲಾರೆನ್ಸ್ ಒಂದೂವರೆ ಗಂಟೆ, ಬೊಲೊನ್ಯಾ ಎರಡು ಗಂಟೆಯ ಮೇಲೆ ಸ್ವಲ್ಪ. ಬೊಲೊನ್ಯಾ–ಫ್ಲಾರೆನ್ಸ್ ನಡುವೆ ಮುಕ್ಕಾಲು ಗಂಟೆಯೂ ಇಲ್ಲ, ಬಹುಪಾಲು ಸುರಂಗ. ಫ್ರೆಚ್ಚಾರೊಸ್ಸಾ, ಇತಾಲೊ ಎಂಬ ಎರಡೂ ವೇಗದ ರೈಲುಗಳ ದರ ನೋಡಿ, ಮೊದಲೇ ಕೊಂಡಷ್ಟು ಅಗ್ಗ. ಪ್ರಾದೇಶಿಕ ರೈಲಿನ ದರ ಯಾವತ್ತು ಕೊಂಡರೂ ಒಂದೇ. ಅದರ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಮರೆತರೆ ಟಿಕೆಟ್ ಇದ್ದೂ ದಂಡ. 'ಶೋಪೆರೊ' ಅಂದರೆ ಮುಷ್ಕರ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳಲ್ಲಿ ಕೆಲವು ಓಡಲೇಬೇಕೆಂಬ ನಿಯಮವಿದೆ.

ಹಾಗಾದರೆ ಯಾವುದು?

ಎಲ್ಲರಿಗೂ ಚಿತ್ರ, ಶಿಲ್ಪದ ಹುಚ್ಚಿದ್ದು, ತಲೆಗೆ ನೂರು ಯುರೋವರೆಗೆ ಟಿಕೆಟ್ಟಿಗೇ ತೆಗೆದಿಡಲು ತಯಾರಿದ್ದರೆ ಫ್ಲಾರೆನ್ಸ್. ಆ ಹುಚ್ಚು ಒಬ್ಬಿಬ್ಬರಿಗೆ ಮಾತ್ರ ಇದ್ದರೆ ಬೊಲೊನ್ಯಾದಲ್ಲಿ ಉಳಿದು, ಅವರು ಮಂಗಳವಾರವೋ ಬುಧವಾರವೋ ಫ್ಲಾರೆನ್ಸಿಗೆ ಹೋಗಿ ಬರಲಿ. ಉಳಿದವರು ಸಾನ್ ಲೂಕಾ ಹತ್ತಲಿ, ರಾತ್ರಿ ಚೌಕದಲ್ಲಿ ಸೇರಿ. ಮೊದಲ ಸಲ ಒಟ್ಟಿಗೆ ಹೊರಟ, ಇನ್ನೂ ಒಬ್ಬರಿಗೊಬ್ಬರು ಅಷ್ಟಾಗಿ ಹೊಂದಿಕೊಳ್ಳದ ಗುಂಪಿಗೆ ನಾನು ಕಣ್ಣುಮುಚ್ಚಿ ಬೊಲೊನ್ಯಾ ಅನ್ನುತ್ತೇನೆ. ಹಳೇ ಗೆಳೆಯರು, ಜೇಬು ತೆಳು, ಗಲಾಟೆಗೆ ಅಂಜದವರು, ಜೊತೆಗೆ ಒಬ್ಬ ಕಟ್ಟಾ ಸಸ್ಯಾಹಾರಿ ಇದ್ದರಂತೂ ನೇಪಲ್ಸ್, ಎರಡನೇ ಮಾತಿಲ್ಲ.

ಐದರ ಜಾಗದಲ್ಲಿ ಏಳೆಂಟು ದಿನ ಸಿಕ್ಕಿ, ಎಲ್ಲರ ಕಾಲೂ ಗಟ್ಟಿ ಇದ್ದರೆ ಆರಿಸುವ ಕಷ್ಟವೇ ಬೇಡ. ಬೊಲೊನ್ಯಾದ ಪಿಯಾಜಾ ಮಜ್ಜೊರೆಯಿಂದ ಫ್ಲಾರೆನ್ಸಿನ ಪಿಯಾಜಾ ದೆಲ್ಲಾ ಸಿನ್ಯೊರಿಯಾವರೆಗೆ ಅಪೆನ್ನೈನ್ ಬೆಟ್ಟಗಳನ್ನು ದಾಟುವ 'ವಿಯಾ ದೆಲ್ಯಿ ದೇಯಿ' ಎಂಬ ಕಾಲುದಾರಿ ಇದೆ, ದೇವತೆಗಳ ದಾರಿ ಎಂದರ್ಥ. ಸುಮಾರು 130 ಕಿ.ಮೀ., ಐದಾರು ದಿನ. ಶುರುವಿನ ಕೆಲವು ಕಿಲೋಮೀಟರ್ ಅದೇ ಸಾನ್ ಲೂಕಾ ಕಮಾನುಗಳ ಕೆಳಗೆ. ಮುಂದೆ ಕಾಡಿನ ನಡುವೆ ಕೆಲವು ಕಡೆ ಎರಡು ಸಾವಿರ ವರ್ಷ ಹಳೆಯ ರೋಮನ್ ಕಲ್ಲುಹಾಸಿನ ಮೇಲೇ ಹೆಜ್ಜೆ ಹಾಕುತ್ತೀರಿ. ರಾತ್ರಿ ಹಳ್ಳಿಗಳಲ್ಲಿ ತಂಗಲು ಜಾಗಗಳಿವೆ, ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಕೊನೆಯ ದಿನ ಫಿಯೆಸೊಲೆ ಗುಡ್ಡದ ಮೇಲೆ ಬಂದಾಗ ಕೆಳಗೆ ಆ ಕೆಂಪು ಗುಮ್ಮಟ ಕಾಣಿಸುತ್ತದೆ. ಅಲ್ಲಿಂದ ಊರೊಳಕ್ಕೆ 7ನೇ ನಂಬರ್ ಬಸ್ಸೂ ಇದೆ. ಅಷ್ಟು ದೂರ ನಡೆದ ಮೇಲೆ ಅದನ್ನು ಹತ್ತಬೇಡಿ.